ಅಬ್ಬಿ ನೀರು, ಗ್ರೇಡಲ್ 8

(ಊರಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವರು ಮತ್ತು ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಶಿರಸಿಯಲ್ಲಿ ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು ಇದು. ಯಾರಿಗಾದರೂ ತೂಕಡಿಕೆ ಬಂದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ವಿಷಯವೇ ಹಾಗಿದೆ. ಬಿಲ್ಡ್ ಟೂಲನ್ನು ಹೊಸ ವರ್ಶನ್‌ಗೆ ಏರಿಸಿದಾಗ ಏನೇನು ಮುರಿಯುತ್ತದೆ, ಯಾಕೆ ಮುರಿಯುತ್ತದೆ ಅಂತ ಹೇಳಬೇಕು.

ಹಿಂದಿನ ಸಾಲಿನಲ್ಲಿ ಮೂರ್ನಾಲ್ಕು ಹಿರಿಯರು ಕೂತಿದ್ದಾರೆ. ಮಕ್ಕಳನ್ನು ಬೈಕಿನಲ್ಲಿ ಕರೆತಂದವರು. ಅವರಿಗಾಗಿ ಒಂದು ನಿಮಿಷ. ನನ್ನ ದೊಡ್ಡಪ್ಪನೂ ಒಮ್ಮೆ ಕೇಳಿದ್ದರು, ‘ತಮಾ, ಬಿಲ್ಡು ಬಿಲ್ಡು ಹೇಳಿ ದಿನಾ ಕೂಗ್ತೆ, ಅದೆಂತದೋ?’ ಅಂತ. ನಾನು ಅಡಿಕೆ ಲೆಕ್ಕದಲ್ಲೇ ಹೇಳಿದೆ. ಕೊನೆ (ಗೊನೆ) ಇಳಿಸಿದ ಕೂಡಲೇ ಅಡಿಕೆ ಪೇಟೆಗೆ ಹೋಗುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು, ಆರಿಸಬೇಕು, ಚೀಲ ತುಂಬಬೇಕು. ನಾವು ಬರೆದ ಕೋಡ್ ಕೂಡ ಹಾಗೆ. ಬರೆದದ್ದು ನೇರ ಗಿರಾಕಿಗೆ ಹೋಗುವುದಿಲ್ಲ. ಅದನ್ನು ಕಂಪೈಲ್ ಮಾಡಬೇಕು, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು, ಬೇರೆಯವರು ಬರೆದಿಟ್ಟ ಕೋಡಿನ ಲೈಬ್ರರಿಗಳನ್ನು ತಂದು ಸೇರಿಸಬೇಕು, ಟೆಸ್ಟ್ ಓಡಿಸಬೇಕು, ಒಂದು ಕಟ್ಟು ಕಟ್ಟಬೇಕು. ಈ ಕೆಲಸಗಳನ್ನು ಕ್ರಮವಾಗಿ ಮಾಡಿಸುವ ಮೇಸ್ತ್ರಿಯೇ ಬಿಲ್ಡ್ ಟೂಲ್. ದೊಡ್ಡಪ್ಪ ಕೇಳಿ, ‘ಹಾಂಗಾರೆ ಮೇಸ್ತ್ರಿ ಬದಲಾದ್ರೆ ತೊಂದ್ರೆಯೇಯ’ ಅಂದರು. ಇವತ್ತಿನ ಮಾತು ಅಷ್ಟೇ ನೋಡಿ.

ನಮ್ಮದೊಂದು ಪ್ರಾಜೆಕ್ಟ್. ಜಾವಾದಲ್ಲಿ ಬರೆದದ್ದು, ಹದಿನಾಲ್ಕು ಮಾಡ್ಯೂಲ್, ಅಂದರೆ ಭಾಗಗಳು. ಗ್ರೇಡಲ್ ಅನ್ನುವ ಬಿಲ್ಡ್ ಟೂಲಿನ 6.8ನೇ ವರ್ಶನ್ ಮೇಲೆ ಆರಾಮಾಗಿ ನಡೆಯುತ್ತಿತ್ತು. 2023ರ ಜುಲೈನಲ್ಲಿ ಜಾವಾ 17ಕ್ಕೆ ಹೋಗಬೇಕು ಅಂತ ತೀರ್ಮಾನವಾಯಿತು. ಕಾರಣ ನಾವು ಬಳಸುವ ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್. ಅದರ 3ನೇ ವರ್ಶನ್ 2022ರ ನವೆಂಬರ್‌ನಲ್ಲಿ ಬಂತು. ಅದಕ್ಕೆ ಜಾವಾ 17 ಇರಲೇಬೇಕು, ಗ್ರೇಡಲ್ ಆದರೆ 7.5 ಅಥವಾ ಅದಕ್ಕಿಂತ ಮೇಲಿನದು. ನಾನು ಸುಮ್ನೆ ಜಾವಾ ಬದಲಿಸಿ ಬಿಲ್ಡ್ ಓಡಿಸಿದೆ. ಬಂದ ಉತ್ತರ, ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಶನ್ 61’.

ಈ 61 ಅನ್ನುವುದನ್ನು ನೋಡಿ ತಲೆ ಕೆಡಿಸಿಕೊಂಡವರು ಇಲ್ಲಿ ಎಷ್ಟು ಜನ? ಹಾಂ, ಸುಮಾರು ಜನ ಇದ್ದೀರಿ. ಒಂದು ಸುಲಭದ ಲೆಕ್ಕ ಇದೆ. ಆ ಸಂಖ್ಯೆಯಿಂದ 44 ಕಳೆಯಿರಿ. 61ರಲ್ಲಿ 44 ಹೋದರೆ 17. ಅಂದರೆ ಜಾವಾ 17. 52 ಅಂತ ಬಂದರೆ ಜಾವಾ 8, 55 ಅಂದರೆ 11, 65 ಅಂದರೆ 21. ಎರರ್ ಹೇಳುತ್ತಿರುವುದು ಇಷ್ಟೇ: ‘ನೀನು ತಂದ ಜಾವಾ ನನಗಿಂತ ಹೊಸದು, ಅದರ ಫೈಲ್ ಓದಲು ನನಗೆ ಬರುವುದಿಲ್ಲ.’ ಜಾವಾ 17ರ ಮೇಲೆ ಓಡಲು ಗ್ರೇಡಲ್ ಕಲಿತದ್ದು 7.3ರಲ್ಲಿ. ಜಾವಾ 21 ಬೇಕಿದ್ದರೆ 8.5.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಸುಮಾರು ಜನ ಎಡವುವುದು ಇಲ್ಲಿಯೇ. ಗ್ರೇಡಲ್ ತಾನು ಓಡಲು ಬಳಸುವ ಜಾವಾ ಒಂದು. ನಿಮ್ಮ ಕೋಡನ್ನು ಕಂಪೈಲ್ ಮಾಡುವ ಜಾವಾ ಇನ್ನೊಂದು. ಎರಡೂ ಒಂದೇ ಆಗಿರಬೇಕು ಅಂತ ಇಲ್ಲ. 6.7ರಿಂದ ಟೂಲ್‌ಚೈನ್ ಅನ್ನುವ ಸೌಲಭ್ಯ ಇದೆ. ‘ನನ್ನ ಕೋಡಿಗೆ ಜಾವಾ 11 ಬಳಸು’ ಅಂತ ಬರೆದಿಟ್ಟರೆ ಸಾಕು, ಗ್ರೇಡಲ್ ತಾನು ಯಾವುದರ ಮೇಲೆ ಬೇಕಾದರೂ ಓಡಿಕೊಳ್ಳುತ್ತದೆ. 2025ರ ಜುಲೈನಲ್ಲಿ ಬಂದ ಗ್ರೇಡಲ್ 9 ಓಡಲು ಜಾವಾ 17 ಕೇಳುತ್ತದೆ. ಅಯ್ಯೋ, ನಮ್ಮ ಗಿರಾಕಿ ಇನ್ನೂ ಜಾವಾ 8ರಲ್ಲಿ ಇದ್ದಾರಲ್ಲ ಅಂತ ಹೆದರಬೇಡಿ. ಮೇಸ್ತ್ರಿಗೆ ಯಾವ ಊಟ ಬೇಕು ಅನ್ನುವುದಕ್ಕೂ ಅಡಿಕೆಗೆ ಎಷ್ಟು ಬಿಸಿಲು ಬೇಕು ಅನ್ನುವುದಕ್ಕೂ ಸಂಬಂಧ ಇಲ್ಲ.

ಸರಿ, ಕಥೆಗೆ ಬರುತ್ತೇನೆ. ನಾನು ಮಾಡಿದ ಮೊದಲ ತಪ್ಪು, 6.8ರಿಂದ ನೇರವಾಗಿ 8.2ಕ್ಕೆ ಹಾರಿದ್ದು. ರ‍್ಯಾಪರ್ ಫೈಲಿನಲ್ಲಿ (ಯಾವ ಗ್ರೇಡಲ್ ತರಿಸಬೇಕು ಅಂತ ಬರೆದಿಡುವ ಫೈಲ್ ಅದು) ಒಂದು ಸಂಖ್ಯೆ ಬದಲಿಸಿದರೆ ಆಯಿತು, ಅಲ್ವಾ? ಬದಲಿಸಿದೆ. ಹೊರಗೆ ಜಡಿಮಳೆ. ಸಿದ್ದಾಪುರ ದಾರಿಯಿಂದ ಒಳಗೆ ನಮ್ಮ ಮನೆ. ಆಷಾಢದಲ್ಲಿ ಕರೆಂಟು ನೆಂಟರ ಹಾಗೆ, ಬಂದರೆ ಬಂತು. ಗ್ರೇಡಲ್ ಒಂದನ್ನೇ ಇಳಿಸಿಕೊಳ್ಳಲು ನೂರು ಎಂಬಿಗೂ ಜಾಸ್ತಿ ಬೇಕು. ಅದು ಮುಕ್ಕಾಲು ಇಳಿಯುವಷ್ಟರಲ್ಲಿ ಟವರ್ ಸತ್ತಿತು. ರಾತ್ರಿ ಹನ್ನೊಂದಕ್ಕೆ ಮತ್ತೆ ಜೀವ ಬಂತು.

ಇಳಿದ ಮೇಲೆ ಬಿಲ್ಡ್ ಓಡಿಸಿದೆ. ಮೊದಲ ಸಾಲಿನಲ್ಲೇ ನಿಂತಿತು. ‘ಕಂಪೈಲ್’ ಅನ್ನುವ ಮೆಥಡ್ ಸಿಗುತ್ತಿಲ್ಲ. ಅದನ್ನು ಸರಿ ಮಾಡಿದೆ. ಆಮೇಲೆ ‘ಕ್ಲಾಸಿಫಯರ್’ ಅನ್ನುವ ಪ್ರಾಪರ್ಟಿ ಗೊತ್ತಿಲ್ಲ ಅಂದಿತು. ಅದನ್ನೂ ಸರಿ ಮಾಡಿದೆ. ಆಮೇಲೆ ಎಚ್‌ಟಿಟಿಪಿ ವಿಳಾಸ ಒಪ್ಪುವುದಿಲ್ಲ ಅಂದಿತು. ಆಮೇಲೆ ಯಾವುದೋ ಫೈಲ್ ಎರಡು ಸಲ ಇದೆ ಅಂದಿತು. ಒಂದು ಎರರ್ ಹಿಂದೆ ಇನ್ನೊಂದು ಅಡಗಿ ಕೂತಿತ್ತು. ಎಷ್ಟಿವೆ, ಮುಗಿಯುವುದು ಯಾವಾಗ, ಒಂದೂ ತಿಳಿಯದು. ಮೂರನೇ ದಿನ ಸಂಜೆ ಎಲ್ಲವನ್ನೂ ಅಳಿಸಿ 6.8ಕ್ಕೆ ವಾಪಸು ಬಂದೆ.

ಅಲ್ಲಿ ಕೂತು, ಮೊದಲ ಸಲ, ನನ್ನ ಹಳೆಯ ಬಿಲ್ಡಿನ ಕೊನೆಯ ಎರಡು ಸಾಲು ಓದಿದೆ. ಎರಡು ವರ್ಷದಿಂದ ದಿನಾ ಕಣ್ಣಿಗೆ ಬೀಳುತ್ತಿದ್ದ ಸಾಲುಗಳು. ಈ ಬಿಲ್ಡಿನಲ್ಲಿ ಹಳೆಯದಾದ ಸಂಗತಿಗಳಿವೆ, ಗ್ರೇಡಲ್ 7ಕ್ಕೆ ಇದು ಹೊಂದುವುದಿಲ್ಲ, ಪೂರ್ತಿ ಪಟ್ಟಿ ಬೇಕಿದ್ದರೆ ವಾರ್ನಿಂಗ್ ಮೋಡನ್ನು ‘ಆಲ್’ ಅಂತ ಕೊಡು. ಕೊಟ್ಟೆ. ಸರಸರ ಅಂತ ಮೂವತ್ತು ನಲವತ್ತು ಸಾಲು ಇಳಿಯಿತು. ‘ಕಂಪೈಲ್’ ಹೋಗಲಿದೆ, ಎಚ್‌ಟಿಟಿಪಿ ಹೋಗಲಿದೆ. ಮೂರು ದಿನ ನಾನು ಕತ್ತಲಲ್ಲಿ ಒಂದೊಂದಾಗಿ ತಡವಿದ್ದರಲ್ಲಿ ಮುಕ್ಕಾಲು ಪಾಲು ಅಲ್ಲಿ ಒಟ್ಟಿಗೇ ಬರೆದಿತ್ತು.

ನಾನು ಹೇಳಬೇಕೆಂದು ಬಂದ ಮುಖ್ಯ ಮಾತು ಇದೇ. ಎರರ್ ಬರುವುದು ಒಂದೊಂದಾಗಿ, ವಾರ್ನಿಂಗ್ ಬರುವುದು ಎಲ್ಲಾ ಒಟ್ಟಿಗೆ. ಹಾಗಾಗಿ ಕೆಲಸವನ್ನು ಹಳೆಯ ವರ್ಶನ್‌ನಲ್ಲಿ ನಿಂತೇ ಮಾಡಬೇಕು. ಪ್ರತಿ ಮೇಜರ್ ವರ್ಶನ್‌ನ ಕೊನೆಯ ಬಿಡುಗಡೆಗೆ ಹೋಗಿ ನಿಲ್ಲಿ. ಮುಂದಿನದಕ್ಕೆ ಏನೇನು ಹೋಗುತ್ತದೆ ಅನ್ನುವುದು ಅತಿ ಚೆನ್ನಾಗಿ ಗೊತ್ತಿರುವುದು ಅದಕ್ಕೇ. ಅಲ್ಲಿ ವಾರ್ನಿಂಗ್ ಪೂರ್ತಿ ಖಾಲಿ ಮಾಡಿ. ಆಮೇಲೆ ಮುಂದಿನ ಮೆಟ್ಟಿಲು. ನಾನು 6.8ರಿಂದ 6.9, ಅಲ್ಲಿಂದ 7.6, ಅಲ್ಲಿಂದ 8.2 ಅಂತ ಹೋದೆ. ಜಾವಾ ಮಾತ್ರ 7.6 ತಲುಪಿದ ಮೇಲೆ ಬದಲಿಸಿದೆ. ಎರಡನ್ನೂ ಒಂದೇ ದಿನ ಬದಲಿಸಿದರೆ ಮುರಿದದ್ದು ಯಾರಿಂದ ಅಂತ ಗೊತ್ತಾಗುವುದಿಲ್ಲ.

ಈಗ ಆ ‘ಕಂಪೈಲ್’ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು. ಅಪ್‌ಗ್ರೇಡ್‌ನಲ್ಲಿ ಜನರಿಗೆ ಅತಿ ಜಾಸ್ತಿ ಸಿಟ್ಟು ತರಿಸಿದ್ದು ಇದು. ‘ಒಂದು ಹೆಸರು ಬದಲಿಸಲು ನಮ್ಮ ಬಿಲ್ಡ್ ಮುರಿದರು’ ಅಂತ ಬೈದವರೇ ಬಹಳ. ಅದು ಬರೀ ಹೆಸರಾಗಿರಲಿಲ್ಲ.

ನಮ್ಮ ಕಡೆ ಅಬ್ಬಿ ನೀರು ಎಲ್ಲರಿಗೂ ಗೊತ್ತು. ಗುಡ್ಡದ ಮೇಲಿನ ಒರತೆಯಿಂದ ಪೈಪು ಹಾಕಿ ಮನೆಗೆ ತರುತ್ತೇವೆ. ಪಂಪು ಬೇಡ, ಕರೆಂಟು ಬೇಡ. ಈಗ ಹೀಗೆ ತಿಳಿಯಿರಿ. ನೆರೆಮನೆಯವರ ಅಬ್ಬಿ ಪೈಪು ನಮ್ಮ ಹಿತ್ತಿಲ ಮೇಲೆ ಹೋಗುತ್ತದೆ. ನಾವು ಅದಕ್ಕೆ ಒಂದು ಟೀ ಜಾಯಿಂಟ್ ಹಾಕಿ ನಲ್ಲಿ ಇಟ್ಟುಕೊಂಡೆವು. ಅವರೂ ಬೇಡ ಅನ್ನಲಿಲ್ಲ. ಹತ್ತು ವರ್ಷ ಹಾಗೇ ನಡೆಯಿತು. ನಮ್ಮ ಮನೆಗೆ ನೀರು ಎಲ್ಲಿಂದ ಅಂತ ಕೇಳಿದರೆ ಮಕ್ಕಳು ‘ಹಿತ್ತಿಲ ನಲ್ಲಿಯಿಂದ’ ಅನ್ನುತ್ತಾರೆ. ಒಂದು ದಿನ ಅವರು ಬೋರ್‌ವೆಲ್ ತೆಗೆಸಿ ಆ ಪೈಪು ಕಿತ್ತರು. ಅವರ ಮನೆಯಲ್ಲಿ ನೀರಿದೆ. ಒಣಗಿದ್ದು ನಮ್ಮ ನಲ್ಲಿ.

‘ಕಂಪೈಲ್’ ಮಾಡುತ್ತಿದ್ದದ್ದು ಇದನ್ನೇ. ನಿಮ್ಮ ಮಾಡ್ಯೂಲ್ ಒಂದು ಲೈಬ್ರರಿ ಬಳಸುತ್ತದೆ. ಆ ಲೈಬ್ರರಿ ಒಳಗೊಳಗೆ ಇನ್ನೊಂದನ್ನು ಬಳಸುತ್ತದೆ. ಬಿಲ್ಡ್ ಫೈಲಿನಲ್ಲಿ ನಿಮ್ಮ ಲೈಬ್ರರಿಯ ಹೆಸರಿನ ಮುಂದೆ ‘ಕಂಪೈಲ್’ ಅಂತ ಬರೆದರೆ ಆ ಇನ್ನೊಂದು ಕೂಡ ನಿಮ್ಮ ಕೈಗೆ ಸಿಗುತ್ತಿತ್ತು. ನೀವು ಕೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ, ಆದರೂ ಇಂಪೋರ್ಟ್ ಮಾಡಿದರೆ ನಡೆಯುತ್ತಿತ್ತು. ಆ ಲೈಬ್ರರಿಯವರು ಒಳಗಿನದನ್ನು ಬದಲಿಸಿದ ದಿನ ನಿಮ್ಮ ಕೋಡ್ ಒಣಗುತ್ತಿತ್ತು. 2017ರಲ್ಲಿ ಗ್ರೇಡಲ್ 3.4 ಇದನ್ನು ಎರಡಾಗಿ ಒಡೆಯಿತು. ‘ಇಂಪ್ಲಿಮೆಂಟೇಶನ್’ ಅಂದರೆ ನಮ್ಮ ಮನೆಯ ಒಳಗಿನ ಪೈಪು, ಹೊರಗಿನವರಿಗೆ ಟೀ ಇಲ್ಲ. ‘ಎಪಿಐ’ ಅಂದರೆ ತಿಳಿದೇ ಹೊರಗಿನವರಿಗೂ ಕೊಟ್ಟದ್ದು. ಹಳೆಯ ‘ಕಂಪೈಲ್’ ಅನ್ನು ಕೂಡಲೇ ಕೀಳಲಿಲ್ಲ. 2021ರ ಏಪ್ರಿಲ್‌ನಲ್ಲಿ 7.0 ಬರುವವರೆಗೆ ನಾಲ್ಕು ವರ್ಷ ಇಟ್ಟರು.

ಹಾಗಾಗಿ ಕಂಪೈಲ್ ಇದ್ದ ಕಡೆ ಎಲ್ಲಾ ಇಂಪ್ಲಿಮೆಂಟೇಶನ್ ಅಂತ ಹುಡುಕಿ ಬದಲಿಸಿದರೆ ಬಿಲ್ಡ್ ಫೈಲ್ ಓದಲು ಸರಿಯಾಗುತ್ತದೆ, ಕೋಡ್ ಮುರಿಯುತ್ತದೆ. ‘ಪ್ಯಾಕೇಜ್ ಇಲ್ಲ’ ಅನ್ನುವ ಎರರ್ ರಾಶಿ ರಾಶಿ ಬರುತ್ತದೆ. ನಮ್ಮಲ್ಲಿ ಹದಿನಾಲ್ಕು ಮಾಡ್ಯೂಲಿನಲ್ಲಿ ಒಂಬತ್ತು ಹೀಗೆ ಬಿದ್ದವು. ಆಗ ಒಂದು ಆಸೆ ಹುಟ್ಟುತ್ತದೆ. ಎಲ್ಲದಕ್ಕೂ ‘ಎಪಿಐ’ ಅಂತ ಹಾಕಿಬಿಟ್ಟರೆ ಹಳೆಯ ಹಾಗೇ ನಡೆಯುತ್ತದಲ್ಲ! ನಡೆಯುತ್ತದೆ. ಮಾಡಬೇಡಿ. ಅದು ಪೈಪಿಗೆ ಹೊಸ ಬಣ್ಣ ಬಳಿದ ಹಾಗೆ. ಒಂದೊಂದೇ ಎರರ್ ನೋಡಿ, ಆ ಮಾಡ್ಯೂಲಿಗೆ ನಿಜವಾಗಿ ಬೇಕಾದ ಲೈಬ್ರರಿಯನ್ನು ಅದರ ಹೆಸರು ಹೇಳಿ ಬರೆಯಿರಿ. ನಮಗೆ ಒಂದೂವರೆ ದಿನ ಹಿಡಿಯಿತು. ಆ ಕೆಲಸ ಮಾಡುವಾಗಲೇ ಗೊತ್ತಾಗಿದ್ದು, ಯಾರೂ ಕರೆಯದ ಒಂದು ಹಳೆಯ ಎಕ್ಸ್‌ಎಂಎಲ್ ಲೈಬ್ರರಿ ನಾಲ್ಕು ಮಾಡ್ಯೂಲಿನಲ್ಲಿ ಸುಮ್ನೆ ಕೂತಿತ್ತು.

ಕ್ಲಾಸಿಫಯರ್ ಬಗ್ಗೆ ಹೇಳುವಂಥದ್ದೇನಿಲ್ಲ. ಜಾರ್ ಫೈಲಿನ, ಅಂದರೆ ಜಾವಾ ಕಟ್ಟಿನ, ಹೆಸರು ಕಟ್ಟುವ ಹಳೆಯ ಪ್ರಾಪರ್ಟಿಗಳನ್ನು 8.0 ತೆಗೆದುಹಾಕಿತು. ಹೆಸರಿನ ಮುಂದೆ ‘ಆರ್ಕೈವ್’ ಸೇರಿಸಿದ ಹೊಸವು ಆಗಲೇ ಇದ್ದವು. ಹುಡುಕಿ, ಬದಲಿಸಿ, ಮುಗಿಯಿತು. ಎಚ್‌ಟಿಟಿಪಿ ಕೂಡ ಹಾಗೇ. ಬೀಗವಿಲ್ಲದ ದಾರಿಯಲ್ಲಿ ಲೈಬ್ರರಿ ತರಿಸಿದರೆ ನಡುವೆ ಯಾರಾದರೂ ಚೀಲ ಬದಲಿಸಬಹುದು. ಜಾವಾ ಲೈಬ್ರರಿಗಳ ದೊಡ್ಡ ಉಗ್ರಾಣವಾದ ಮೇವನ್ ಸೆಂಟ್ರಲ್ 2020ರ ಜನವರಿ 15ರಿಂದಲೇ ಆ ದಾರಿ ಮುಚ್ಚಿತು. ಮುಂದಿನ ವರ್ಷ ಗ್ರೇಡಲ್ 7.0 ಮತ್ತು ಇನ್ನೊಂದು ಬಿಲ್ಡ್ ಟೂಲಾದ ಮೇವನ್ 3.8.1 ಎರಡೂ ಒಂದೇ ತಿಂಗಳಲ್ಲಿ ಅದನ್ನು ತಡೆದವು. ಈಗಲೂ ಆಫೀಸಿನ ಒಳಗಿನ ಸರ್ವರ್ ಎಚ್‌ಟಿಟಿಪಿಯಲ್ಲೇ ಇದ್ದರೆ ‘ಇದೊಂದಕ್ಕೆ ಬಿಡು’ ಅಂತ ಬರೆಯಬಹುದು. ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು ಹೇಳುವುದು ಒಳ್ಳೆಯದು.

ನನಗೆ ಇಷ್ಟವಾದ ಮುರಿತ ಒಂದಿದೆ. ನಗಬೇಡಿ, ಮುರಿತದಲ್ಲೂ ಇಷ್ಟದ್ದು ಇರುತ್ತದೆ. ಒಂದೇ ಹೆಸರಿನ ಎರಡು ಫೈಲ್ ಒಂದೇ ಜಾಗಕ್ಕೆ ನಕಲಾಗುವುದಿದ್ದರೆ ಹಳೆಯ ಗ್ರೇಡಲ್ ಏನೂ ಹೇಳುತ್ತಿರಲಿಲ್ಲ. 7.0ರಿಂದ ನಿಂತುಬಿಡುತ್ತದೆ. ‘ಇದು ಎರಡಿದೆ, ಏನು ಮಾಡಲಿ, ನೀನೇ ಹೇಳು’ ಅನ್ನುತ್ತದೆ. ನಮ್ಮಲ್ಲಿ ಸೆಟ್ಟಿಂಗ್ ಫೈಲ್ ಎರಡು ಇತ್ತು. ಒಂದು ಮುಖ್ಯ ಫೋಲ್ಡರಿನಲ್ಲಿ, ಇನ್ನೊಂದು ‘ಕಾಮನ್’ ಅನ್ನುವ ಫೋಲ್ಡರಿನಲ್ಲಿ. ಎರಡನೆಯದು ಮೊದಲನೆಯದರ ಮೇಲೆ ಬಂದು ಕೂರುತ್ತಿತ್ತು. ನಮ್ಮ ಟೀಮಿನ ಒಬ್ಬ ಹುಡುಗ ಒಂದು ವರ್ಷ ಮೊದಲು ನನ್ನ ಹತ್ತಿರ ಬಂದಿದ್ದ. ‘ಅಣ್ಣಾ, ಡೇಟಾಬೇಸ್ ಕನೆಕ್ಷನ್ 10 ಇದ್ದದ್ದನ್ನು 50 ಮಾಡಿದೆ, ಏನೂ ಬದಲಾಗ್ತಾ ಇಲ್ಲ’ ಅಂದಿದ್ದ. ಎರಡು ದಿನ ನೋಡಿ, ‘ಡೇಟಾಬೇಸಿನದೇ ಏನೋ ಮಿತಿ ಇರಬೇಕು’ ಅಂತ ನಾನೇ ಹೇಳಿ ಕಳಿಸಿದ್ದೆ. ಅವನು ತಿದ್ದಿದ್ದು ಮೊದಲನೆಯ ಫೈಲ್. ಗೆಲ್ಲುತ್ತಿದ್ದದ್ದು ಎರಡನೆಯದು. ಅಪ್‌ಗ್ರೇಡ್ ದಿನ ಈ ಎರರ್ ನೋಡಿ ನಾನು ಅವನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಅವನಿಗೆ ಆ ವಿಷಯ ಮರೆತೇ ಹೋಗಿತ್ತು.

ಈ ಎರರ್ ಬಂದಾಗಲೂ ಒಂದು ಸಾಲು ಹಾಕಿ ಬಾಯಿ ಮುಚ್ಚಿಸಬಹುದು. ‘ಎಕ್ಸ್‌ಕ್ಲೂಡ್’ ಅಂತ ಬರೆದರೆ ಆಯಿತು. ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವ ಉತ್ತರ ಅದೇ. ಆದರೆ ‘ಎಕ್ಸ್‌ಕ್ಲೂಡ್’ ಅಂದರೆ ಮೊದಲು ಬಂದದ್ದು ಉಳಿಯುತ್ತದೆ. ನಿಮ್ಮಲ್ಲಿ ಇಷ್ಟು ವರ್ಷ ಗೆದ್ದದ್ದು ಕೊನೆಯದು. ಅಂದರೆ ಎರರ್ ಹೋಯಿತು, ಜೊತೆಗೆ ಸೆಟ್ಟಿಂಗ್ ಕೂಡ ಹೇಳದೆ ಕೇಳದೆ ಬದಲಾಯಿತು. ಮೊದಲು ಎರಡೂ ಫೈಲ್ ತೆರೆದು ಪಕ್ಕಪಕ್ಕ ಇಟ್ಟು ನೋಡಿ.

ಆಮೇಲೆ ಕ್ರಮದ ವಿಷಯ. ಕೆಂಪಡಿಕೆಗೆ ಮೊದಲು ಸುಲಿದು, ಬೇಯಿಸಿ, ಆಮೇಲೆ ಒಣಗಿಸುತ್ತೇವೆ. ಚಾಲಿ ಅಡಿಕೆಗೆ ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿಯುತ್ತೇವೆ. ಕೆಲಸಗಳು ಹೆಚ್ಚುಕಡಿಮೆ ಅವೇ, ಕ್ರಮ ಬೇರೆ. ಕೆಲಸದವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು. ನಮ್ಮ ಬಿಲ್ಡಿನಲ್ಲಿ ವರ್ಶನ್ ನಂಬರ್ ಬರೆಯುವ ಒಂದು ಟಾಸ್ಕ್, ಅಂದರೆ ಒಂದು ಕೆಲಸ, ಇತ್ತು. ಅದು ಬರೆದ ಫೈಲನ್ನು ಇನ್ನೊಂದು ಟಾಸ್ಕ್ ಎತ್ತಿಕೊಳ್ಳುತ್ತಿತ್ತು. ಯಾವುದು ಮೊದಲು ಅಂತ ಎಲ್ಲೂ ಬರೆದಿರಲಿಲ್ಲ. ಆಕಸ್ಮಿಕವಾಗಿ ಸರಿಯಾದ ಕ್ರಮದಲ್ಲೇ ನಡೆಯುತ್ತಿತ್ತು. ಗ್ರೇಡಲ್ 7 ಇಂಥದ್ದನ್ನು ಕಂಡರೆ ವಾರ್ನಿಂಗ್ ಕೊಡುತ್ತದೆ, 8 ಎರರ್ ಕೊಡುತ್ತದೆ. ಸರಿ ಮಾಡಲು ಒಂದೇ ಸಾಲು ಸಾಕು. ತಿಂಗಳಿಗೊಮ್ಮೆ ನಮ್ಮ ಸರ್ವರ್‌ನಲ್ಲಿ ಹಳೆಯ ವರ್ಶನ್ ನಂಬರ್ ಇರುವ ಬಿಲ್ಡ್ ಯಾಕೆ ಬರುತ್ತಿತ್ತು ಅನ್ನುವುದಕ್ಕೂ ಅಂದೇ ಉತ್ತರ ಸಿಕ್ಕಿತು. ಅಲ್ಲಿ ಟಾಸ್ಕ್‌ಗಳು ಒಟ್ಟೊಟ್ಟಿಗೆ ಓಡುತ್ತಿದ್ದವು.

ಆಂಡ್ರಾಯ್ಡ್ ಮಾಡುವವರು ಕೈ ಎತ್ತಿ. ನಿಮ್ಮ ಕಷ್ಟ ಇನ್ನೂ ಒಂದು ಪದರ ಜಾಸ್ತಿ. ನಿಮಗೆ ಜಾವಾ, ಗ್ರೇಡಲ್, ಅದರ ಮೇಲೆ ಜೋಡಿಸುವ ಆಂಡ್ರಾಯ್ಡ್ ಪ್ಲಗಿನ್, ಮೂರೂ ಹೊಂದಬೇಕು. 2023ರ ಏಪ್ರಿಲ್‌ನಲ್ಲಿ ಬಂದ ಪ್ಲಗಿನ್ 8.0 ಗ್ರೇಡಲ್ 8 ಮತ್ತು ಜಾವಾ 17 ಕೇಳಿತು. ಪ್ಯಾಕೇಜ್ ಹೆಸರನ್ನು ಮ್ಯಾನಿಫೆಸ್ಟ್‌ನಿಂದ ತೆಗೆದು ಬಿಲ್ಡ್ ಫೈಲಿನಲ್ಲಿ ‘ನೇಮ್‌ಸ್ಪೇಸ್’ ಅಂತ ಬರೆಯಬೇಕಾಯಿತು. ಬಿಲ್ಡ್‌ಕಾನ್ಫಿಗ್ ತಾನಾಗಿ ಹುಟ್ಟುವುದು ನಿಂತಿತು, ಬೇಕಿದ್ದರೆ ಕೇಳಿ ಪಡೆಯಬೇಕು. ನಿಮ್ಮಲ್ಲಿ ಅರ್ಧ ಜನ ಆ ವರ್ಷ ಇದಕ್ಕೇ ಬೈದಿರುತ್ತೀರಿ.

ಇಲ್ಲಿಯವರೆಗೆ ಹೇಳಿದ್ದು ಕೂಗಿ ಮುರಿಯುವವು. ನನಗೆ ಹೆದರಿಕೆ ಸದ್ದಿಲ್ಲದೆ ಬದಲಾಗುವವುಗಳದ್ದು. ಗ್ರೇಡಲ್ 5.0 ಬಂದಾಗ ಹಿಂದೆ ಓಡುವ ಅದರ ಡೀಮನ್‌ಗೆ ಸಿಗುತ್ತಿದ್ದ ಮೆಮೊರಿಯನ್ನು 1 ಜಿಬಿಯಿಂದ 512 ಎಂಬಿಗೆ ಇಳಿಸಿದರು. ಎರರ್ ಇಲ್ಲ. ಸಣ್ಣ ಪ್ರಾಜೆಕ್ಟಿಗೆ ಗೊತ್ತೇ ಆಗುವುದಿಲ್ಲ. ದೊಡ್ಡದಾದರೆ ಬಿಲ್ಡ್ ಎಳೆಯುತ್ತದೆ, ಒಂದು ದಿನ ಮೆಮೊರಿ ಸಾಲದು ಅಂತ ಬೀಳುತ್ತದೆ. ನೀವು ನಿನ್ನೆ ಬರೆದ ಕೋಡನ್ನು ಅನುಮಾನಿಸುತ್ತಾ ಕೂರುತ್ತೀರಿ.

ಇಂಥದ್ದಕ್ಕೆ ನಾನು ಮಾಡುವುದು ಒಂದು ಹಳ್ಳಿ ಉಪಾಯ. ಅಪ್‌ಗ್ರೇಡ್ ಮಾಡುವ ಮೊದಲು ಯಾವ ಯಾವ ಲೈಬ್ರರಿಯ ಯಾವ ವರ್ಶನ್ ಬರುತ್ತಿದೆ ಅನ್ನುವ ಪೂರ್ತಿ ಮರವನ್ನು ಒಂದು ಟೆಕ್ಸ್ಟ್ ಫೈಲಿಗೆ ಬರೆಸಿ ಇಡುತ್ತೇನೆ. ಹುಟ್ಟಿದ ಜಾರ್ ಫೈಲನ್ನೂ ಎತ್ತಿಡುತ್ತೇನೆ. ಆದ ಮೇಲೆ ಅದನ್ನೇ ಮತ್ತೆ ಮಾಡಿ ಎರಡನ್ನೂ ತಾಳೆ ನೋಡುತ್ತೇನೆ. ಜಾರ್ ಬಿಚ್ಚಿ ಒಳಗಿನ ಫೈಲುಗಳ ಪಟ್ಟಿಯನ್ನೂ ಹೋಲಿಸುತ್ತೇನೆ. ಹಿಂದಿನ ಕಟ್ಟಿನಲ್ಲಿ ಇದ್ದದ್ದು ಈಗಿನ ಕಟ್ಟಿನಲ್ಲಿ ಇಲ್ಲದಿದ್ದರೆ ಬಿಲ್ಡ್ ಎಷ್ಟೇ ಹಸಿರು ತೋರಿಸಲಿ, ನಾನು ನಂಬುವುದಿಲ್ಲ.

ಈಗ ಒಬ್ಬರು ಕೇಳಬೇಕಾದ ಪ್ರಶ್ನೆ. ಇಷ್ಟೆಲ್ಲ ಯಾಕೆ ಮುರಿಯಬೇಕು? ಹಳೆಯದನ್ನೂ ಇಟ್ಟುಕೊಂಡು ಹೊಸದನ್ನೂ ಸೇರಿಸಬಾರದೇ? ಇಟ್ಟುಕೊಂಡವರಿದ್ದಾರೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಅನ್ನುವ ಬಿಲ್ಡ್ ಟೂಲ್ ಬರೆದರು. ಅದರಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಎಂಟು ಸ್ಪೇಸ್ ಹಾಕಿದರೆ ನಡೆಯದು. ಕಣ್ಣಿಗೆ ಎರಡೂ ಒಂದೇ. ಇದು ಸರಿಯಿಲ್ಲ ಅಂತ ಅವರಿಗೇ ಬೇಗ ಗೊತ್ತಾಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಜನ ಅದನ್ನು ಬಳಸುತ್ತಿದ್ದರು. ಅವರಿಗೆ ತೊಂದರೆ ಯಾಕೆ ಅಂತ ಬದಲಿಸಲಿಲ್ಲ. ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಇವತ್ತಿಗೂ ಲಕ್ಷಾಂತರ ಜನ ಟ್ಯಾಬ್ ಹುಡುಕುತ್ತಿದ್ದೇವೆ. 2010ರಲ್ಲಿ ಅದರದೇ ಒಂದು ರೂಪವಾದ ಗ್ನೂ ಮೇಕ್ 3.82 ಟ್ಯಾಬ್ ಬದಲು ಬೇರೆ ಅಕ್ಷರ ಇಟ್ಟುಕೊಳ್ಳುವ ದಾರಿ ಕೊಟ್ಟಿತು. ಅದನ್ನು ಬಳಸಿದ ಒಂದು ಮೇಕ್‌ಫೈಲನ್ನೂ ನಾನು ನೋಡಿಲ್ಲ.

ಸಿ, ಸಿ++ ಬರೆಯುವವರು ಬಳಸುವ ಸಿಮೇಕ್ ನಡುವಿನ ದಾರಿ ಹಿಡಿಯಿತು. ನಿಮ್ಮ ಫೈಲಿನ ಮೊದಲ ಸಾಲಿನಲ್ಲಿ ‘ನನಗೆ ಕನಿಷ್ಠ ಈ ವರ್ಶನ್ ಬೇಕು’ ಅಂತ ಬರೆಯಬೇಕು. ಅದನ್ನು ಓದಿ, ಟೂಲ್ ಎಷ್ಟೇ ಹೊಸದಿದ್ದರೂ, ಆ ಕಾಲದ ನಡತೆಯನ್ನೇ ತೋರಿಸುತ್ತದೆ. ಹಳೆಯ ಗಿರಾಕಿಗೆ ಹಳೆಯ ದರ ಇದ್ದ ಹಾಗೆ. ಬಹಳ ಸೌಜನ್ಯದ ಏರ್ಪಾಟು. ಆದರೆ ಟೂಲ್ ಬರೆಯುವವರು ಪ್ರತಿಯೊಂದರ ಹಳೆಯ ನಡತೆ, ಹೊಸ ನಡತೆ ಎರಡನ್ನೂ ಸಾಕಬೇಕು. ಅವರಿಗೂ ಸಾಕಾಯಿತು. 2025ರ ಮಾರ್ಚ್‌ನಲ್ಲಿ ಸಿಮೇಕ್ 4.0 ಬಂತು. 3.5ಕ್ಕಿಂತ ಹಿಂದಿನದನ್ನು ಕೇಳುವ ಫೈಲುಗಳನ್ನು ಒಪ್ಪುವುದಿಲ್ಲ ಅಂದಿತು. ಯಾರೂ ಮುಟ್ಟದೆ ಹತ್ತು ವರ್ಷ ಕೂತಿದ್ದ ಎಷ್ಟೋ ಲೈಬ್ರರಿಗಳು ಅಂದು ಬಿದ್ದವು. ಹೊರಗಿನಿಂದ ‘ಕನಿಷ್ಠ 3.5 ಅಂತ ತಿಳಿದುಕೋ’ ಅಂತ ಒಂದು ಫ್ಲಾಗ್ ಕೊಟ್ಟು ತಳ್ಳಬಹುದು, ಈಗ ತುಂಬ ಜನ ತಳ್ಳುತ್ತಿದ್ದಾರೆ.

ಮೇವನ್‌ನದು ಇನ್ನೊಂದು ಪೇಚು. ಪ್ರತಿ ಲೈಬ್ರರಿಯ ಜೊತೆ ಅದರ ವಿವರ ಬರೆದ ಪಾಮ್ ಫೈಲ್ ಕೂಡ ಮೇವನ್ ಸೆಂಟ್ರಲ್‌ಗೆ ಹೋಗಿ ಕೂರುತ್ತದೆ. ಒಮ್ಮೆ ಹೋದದ್ದನ್ನು ಬದಲಿಸುವಂತಿಲ್ಲ. ಹಾಗಾಗಿ ಆ ಫೈಲಿನ ಮಾದರಿ 2005ರ ಮೇವನ್ 2ರಿಂದ ಇಂದಿಗೂ 4.0.0 ಅಂತಲೇ ಇದೆ. ಸ್ಥಿರ ಅಂದರೆ ಸ್ಥಿರ. ಆ ಮಾದರಿಯಲ್ಲಿ ಹೊಸದೊಂದು ಪದ ಸೇರಿಸುವುದೂ ಕಷ್ಟ.

ಅಂದರೆ ಹಳೆಯದರ ಭಾರವನ್ನು ಯಾರೋ ಒಬ್ಬರು ಹೊರಲೇಬೇಕು. ಮೇಕ್‌ನಲ್ಲಿ ಅದನ್ನು ಹೊಸಬರು ಹೊರುತ್ತಾರೆ. ಸಿಮೇಕ್‌ನಲ್ಲಿ ಬಹುಕಾಲ ಬರೆದವರೇ ಹೊತ್ತರು. ಗ್ರೇಡಲ್ ವರ್ಷ ಎರಡು ವರ್ಷಕ್ಕೊಮ್ಮೆ ಅದನ್ನು ನಮ್ಮ ಹೆಗಲಿಗೆ ಇಡುತ್ತದೆ. ನನ್ನನ್ನು ಕೇಳಿದರೆ ನನಗೆ ಗ್ರೇಡಲ್ ರೀತಿಯೇ ಸರಿ ಕಾಣುತ್ತದೆ, ಮೊದಲೇ ಹೇಳಿದರೆ ಮಾತ್ರ. ಇಲ್ಲಿ ಕುಮಟಾ, ಕಾರವಾರದಿಂದ ಬಂದವರಿದ್ದೀರಿ. ಕೊಂಕಣ ರೈಲ್ವೆ ಪ್ರತಿ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಹಾಕುತ್ತದೆ. ಗುಡ್ಡ ಕುಸಿಯುವ ಕಾಲ, ರೈಲು ನಿಧಾನ ಹೋಗಬೇಕು, ಹೊತ್ತು ಬದಲಾಗುತ್ತದೆ. ಅದನ್ನು ಮೊದಲೇ ಪ್ರಕಟ ಮಾಡುತ್ತಾರೆ. ಆದರೂ ಜೂನ್ ತಿಂಗಳಲ್ಲಿ ಹಳೆಯ ಹೊತ್ತಿಗೆ ಬಂದು ಪ್ಲಾಟ್‌ಫಾರಂ ಮೇಲೆ ನಿಂತು ಬೈಯುವವರು ಒಬ್ಬರಾದರೂ ಇರುತ್ತಾರೆ. 2023ರ ಜುಲೈನಲ್ಲಿ ಹಾಗೆ ನಿಂತಿದ್ದವನು ನಾನು.

ಪ್ರಶ್ನೆಗಳಲ್ಲಿ ಎರಡು ಮೂರನ್ನು ಇಲ್ಲಿ ಬರೆಯುತ್ತೇನೆ.

ಕಾರವಾರದಿಂದ ಬಂದ ಒಬ್ಬ ವಿದ್ಯಾರ್ಥಿನಿ ಕೇಳಿದರು, ‘ಸರ್, ನಡೀತಾ ಇರೋ ಪ್ರಾಜೆಕ್ಟನ್ನ ಮುಟ್ಟಲೇಬೇಕಾ?’ ಒಳ್ಳೆಯ ಪ್ರಶ್ನೆ. ಯಾರೂ ಹೊಸದೇನೂ ಸೇರಿಸದ, ಹೊರಗಿನ ನೆಟ್‌ವರ್ಕ್ ಮುಟ್ಟದ, ಮೂಲೆಯಲ್ಲಿ ತನ್ನ ಪಾಡಿಗೆ ಓಡುವ ಪ್ರಾಜೆಕ್ಟ್ ಇದ್ದರೆ ಬಿಟ್ಟುಬಿಡಿ ಅಂದೆ. ರ‍್ಯಾಪರ್ ಇದ್ದರೆ ಹತ್ತು ವರ್ಷ ಆದ ಮೇಲೂ ಅದೇ ಹಳೆಯ ಗ್ರೇಡಲ್ ತರಿಸಿಕೊಳ್ಳುತ್ತದೆ. ಅದಕ್ಕೆ ಹೊಂದುವ ಜಾವಾ ಮಾತ್ರ ನೀವು ಉಳಿಸಿಕೊಳ್ಳಬೇಕು. ವಾರಕ್ಕೊಮ್ಮೆ ಬದಲಾಗುವ ಪ್ರಾಜೆಕ್ಟ್ ಆದರೆ ಒಂದು ಮೇಜರ್ ವರ್ಶನ್‌ಗಿಂತ ಜಾಸ್ತಿ ಹಿಂದೆ ಬೀಳಬೇಡಿ. ಎರಡು ಬಿದ್ದರೆ ಕೆಲಸ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದು ನನ್ನ ಅಂದಾಜು, ಲೆಕ್ಕ ಕೇಳಬೇಡಿ.

ಇನ್ನೊಬ್ಬರು, ಯಲ್ಲಾಪುರ ಕಡೆಯವರು, ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದೆ ಏನು ಮಾಡುವುದು ಅಂತ ಕೇಳಿದರು. ಇದಕ್ಕೆ ನಮ್ಮೂರಿನ ಉತ್ತರವೇ ಇದೆ. ಅಡಿಕೆಗೆ ಕೊಳೆ ರೋಗ ಬಂದ ಮೇಲೆ ಬೋರ್ಡೋ ದ್ರಾವಣ ಹೊಡೆಯುತ್ತೇವೆಯೇ? ಮಳೆಗೆ ಮುಂಚೆ ಹೊಡೆಯುತ್ತೇವೆ. ಅಪ್‌ಗ್ರೇಡನ್ನು ಮೇ ತಿಂಗಳಲ್ಲೇ ಮುಗಿಸಿ. ಒಮ್ಮೆ ಎಲ್ಲಾ ಇಳಿಸಿಕೊಂಡರೆ ನಿಮ್ಮ ಹೋಮ್ ಫೋಲ್ಡರಿನ ಗ್ರೇಡಲ್ ಕ್ಯಾಶ್‌ನಲ್ಲಿ ಕೂತಿರುತ್ತದೆ. ಆಮೇಲೆ ‘ಆಫ್‌ಲೈನ್’ ಅಂತ ಕೊಟ್ಟು ಓಡಿಸಿದರೆ ಟವರ್ ಇದ್ದರೂ ಇಲ್ಲದಿದ್ದರೂ ಒಂದೇ. ಒಂದು ಕಿವಿಮಾತು: ರ‍್ಯಾಪರ್ ಬದಲಿಸುವ ಆದೇಶವನ್ನು ಎರಡು ಸಲ ಓಡಿಸಿ. ಮೊದಲ ಸಲ ಫೈಲಿನಲ್ಲಿ ವರ್ಶನ್ ಮಾತ್ರ ಬದಲಾಗುತ್ತದೆ. ಎರಡನೆಯ ಸಲ ಆ ಹೊಸ ಗ್ರೇಡಲ್ ಬಂದು ರ‍್ಯಾಪರ್‌ನ ಜಾರ್ ಫೈಲನ್ನೂ ತನ್ನದರಿಂದ ಬದಲಿಸುತ್ತದೆ.

ಕೊನೆಗೆ ಹಿಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು. ‘ಆ ನಿಮ್ಮ ಪ್ರಾಜೆಕ್ಟು ಈಗ ಎಲ್ಲಿ ಮುಟ್ಟಿತು ಮಾರಾಯ್ರೆ?’

8.14ರಲ್ಲಿ ಇದೆ ಅಂದೆ. 9ಕ್ಕೆ ಇನ್ನೂ ಹೋಗಿಲ್ಲ. ನಾಲ್ಕು ವಾರ್ನಿಂಗ್ ಉಳಿದಿವೆ. ಎರಡು ನಮ್ಮವು, ಮುಂದಿನ ವಾರ ಸರಿ ಮಾಡುತ್ತೇನೆ. ಇನ್ನೆರಡು ಒಂದು ಪ್ಲಗಿನ್ನಿನವು. ಅದನ್ನು ಬರೆದವರು ಹೊಸ ವರ್ಶನ್ ಬಿಡುವವರೆಗೆ ಕಾಯುತ್ತಾ ಇದ್ದೇವೆ.